ಮಗುವಿಗೆ ತಕ್ಕ ಶಸ್ತ್ರವೈದ್ಯರನ್ನು ಅರಸುವ ಬಗೆ

ಹನ್ನೆರಡು ವರ್ಷಗಳ ಹಿಂದಿನ ಮಾತು. ನಾನಾಗ ಹೋಟೆಲಿನ ಗಲ್ಲೆಯ ಮೇಲೆ ಕುಳಿತಿರುತ್ತಿದ್ದೆ. ದೋಸೆಯ ಭಟ್ಟಿಯಲ್ಲಿದ್ದ ನಮ್ಮ ಕೆಲಸಗಾರನೊಬ್ಬನು ಒಂದು ಮುಂಜಾನೆ ಬಳಿಗೆ ಬಂದು, ಎರಡು ವರ್ಷದ ತನ್ನ ಮಗನು ಮೂತ್ರ ಮಾಡುವಾಗ ಮುಖ ಕೆಂಪೇರುವಂತೆ ಮುಕ್ಕುತ್ತಾನೆಂದೂ, ಧಾರೆ ಬಾರದೆ ಹನಿಹನಿಯಾಗಿ ತೊಟ್ಟಿಕ್ಕುವುದೆಂದೂ, ತಿಂಗಳಿಗೊಮ್ಮೆ ಜ್ವರ ಬರುವುದೆಂದೂ ಹೇಳಿ ಎರಡು ದಿನದ ರಜೆ ಕೇಳಿದನು. "ಮಕ್ಕಳೆಂದರೆ ಹಾಗೆಯೇ. ಚೌತಿಯ ಗಡಿಬಿಡಿ ಮುಗಿಯಲಿ" ಎಂದುಬಿಟ್ಟೆ. ಚೌತಿ ಮುಗಿದು ದಸರೆ ಬಂತು, ದೀಪಾವಳಿಯೂ ಬಂತು. ಚಾಳಿನ ಬಳಿಯ ಡಾಕ್ಟರರು ಪ್ರತಿ ಸಲವೂ ಜ್ವರಕ್ಕೆ ಔಷಧಿ ಕೊಟ್ಟರೇ ಹೊರತು ಮೂತ್ರವನ್ನು ಪರೀಕ್ಷಿಸಲಿಲ್ಲ. ಕೊನೆಗೆ ಮಗುವನ್ನು ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಿದಾಗ ಒಂದು ಮೂತ್ರಪಿಂಡವು ಅದಾಗಲೇ ಬಹುಪಾಲು ಕೆಟ್ಟಿತ್ತು. ಹುಡುಗನು ಬದುಕಿದ್ದಾನೆ, ಶಾಲೆಗೂ ಹೋಗುತ್ತಾನೆ. ಆದರೆ ಕಳೆದುಹೋದ ಆ ತಿಂಗಳುಗಳ ಋಣ ನನ್ನ ತಲೆಯ ಮೇಲಿದೆ.

ಆ ರೋಗದ ಹೆಸರು ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್. ಗಂಡು ಮಕ್ಕಳಿಗೆ ಮಾತ್ರ ಬರುವಂತಹದು. ಹುಟ್ಟಿನಿಂದಲೇ ಮೂತ್ರನಾಳದೊಳಗೆ ತೆಳುವಾದ ಪೊರೆಯೊಂದು ಬೆಳೆದು ದಾರಿಯನ್ನು ಅಡ್ಡಗಟ್ಟುತ್ತದೆ. ತಡೆಯಲ್ಪಟ್ಟ ಮೂತ್ರದ ಒತ್ತಡವು ಹಿಮ್ಮುಖವಾಗಿ ಏರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ದುರ್ಬೀನಿನ ಸಹಾಯದಿಂದ ಆ ಪೊರೆಯನ್ನು ಕತ್ತರಿಸುವರು. ಹೊಟ್ಟೆಯನ್ನು ಕೊಯ್ಯಬೇಕಾದುದಿಲ್ಲ. ಆದರೆ ತಡವಾದಷ್ಟೂ ನಷ್ಟ ಹೆಚ್ಚು.

ಹಾಗಾದರೆ ಯಾರ ಬಳಿಗೆ ಹೋಗಬೇಕು? ಇಲ್ಲಿಯೇ ನಮ್ಮವರು ಎಡವುವುದು. ಯುರಾಲಜಿಸ್ಟ್ ಎಂಬ ಫಲಕವನ್ನು ಕಂಡು ಒಳಹೊಗುತ್ತಾರೆ. ಅವರಲ್ಲಿ ಬಹುಮಂದಿ ಮುಖ್ಯವಾಗಿ ದೊಡ್ಡವರ ಕಲ್ಲು, ಪ್ರಾಸ್ಟೇಟ್ ಮೊದಲಾದುವನ್ನು ನೋಡುವವರು. ಮಗುವಿನ ಮೂತ್ರಾಂಗಗಳ ಶಸ್ತ್ರಕ್ರಿಯೆಗೆ ಬೇಕಾದವರು ಎಂ.ಬಿ.ಬಿ.ಎಸ್. ಆದ ಮೇಲೆ ಎಂ.ಎಸ್. ಮುಗಿಸಿ, ಮತ್ತೆ ಮೂರು ವರ್ಷ ಮಕ್ಕಳ ಶಸ್ತ್ರವಿದ್ಯೆಯನ್ನೇ ಕಲಿತು ಎಂ.ಸಿಎಚ್. ಪಡೆದವರು. ಅವರಲ್ಲಿಯೂ ಮಕ್ಕಳ ಯುರಾಲಜಿಯಲ್ಲಿ ವಿಶೇಷ ತರಬೇತಿ ಹೊಂದಿದವರು ಸಿಕ್ಕಿದರೆ ಉತ್ತಮ. ನೆಫ್ರಾಲಜಿಸ್ಟರು ಮೂತ್ರಪಿಂಡಕ್ಕೆ ಔಷಧೋಪಚಾರ ಮಾಡುವವರೇ ಹೊರತು ಕತ್ತಿ ಹಿಡಿಯುವವರಲ್ಲ. ಮೊದಲು ಒಳ್ಳೆಯ ಮಕ್ಕಳ ವೈದ್ಯರನ್ನು ಕಂಡು ಅವರಿಂದ ಚೀಟಿ ಪಡೆಯುವುದೇ ನೇರವಾದ ದಾರಿ.

ಮುಂಬಯಿಯಲ್ಲಿ 1929ರಲ್ಲಿ ಮಕ್ಕಳಿಗಾಗಿಯೇ ಸ್ಥಾಪಿತವಾದ ಬಾಯಿ ಜೆರ್ಬಾಯಿ ವಾಡಿಯಾ ಆಸ್ಪತ್ರೆಯು ಪರೇಲಿನಲ್ಲಿದೆ. ಅದರ ನೆರೆಯಲ್ಲಿಯೇ ಕೆ.ಇ.ಎಂ. ಇದೆ. ಸಾಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿಯೂ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಮದರಾಸು ಎಂದು ಹಿಂದೆ ಕರೆಯುತ್ತಿದ್ದ ಚೆನ್ನೈಯ ಬಂಧುಗಳಿಗೆ ಎಗ್ಮೋರಿನ ಮಕ್ಕಳ ಆಸ್ಪತ್ರೆ, ಹೈದರಾಬಾದಿನವರಿಗೆ ನಿಲೋಫರ್, ದಿಲ್ಲಿಯವರಿಗೆ ಕಲಾವತಿ ಸರನ್ ಮತ್ತು ಏಮ್ಸ್ ಇವೆ. ಊರಿಗೆ ಮರಳುವವರು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನು ನೆನಪಿನಲ್ಲಿಡತಕ್ಕದ್ದು.

ತಾಯಿತಂದೆಗಳು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಕಾರಣ ತಿಳಿಯದ ಜ್ವರ ಹಸುಗೂಸಿಗೆ ಬಂದರೆ ಮೂತ್ರ ಪರೀಕ್ಷೆಯನ್ನು ಕೇಳಿ ಮಾಡಿಸಿರಿ. ಗಂಡು ಮಗುವಿನ ವೃಷಣವು ಆರು ತಿಂಗಳಾದರೂ ಕೆಳಗಿಳಿಯದಿದ್ದರೆ "ದೊಡ್ಡವನಾದಾಗ ಸರಿಹೋದೀತು" ಎಂದು ಕಾಯಲಾಗದು. ಒಂದು ವರ್ಷದೊಳಗೆ, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ, ಶಸ್ತ್ರಕ್ರಿಯೆ ಆಗಬೇಕು. ಮೂತ್ರದ್ವಾರವು ತುದಿಯಲ್ಲಿರದೆ ಕೆಳಗಿದ್ದರೆ ಸುನ್ನತಿ ಮಾಡಿಸಲೇಬಾರದು. ಆ ಚರ್ಮವೇ ಮುಂದೆ ನಾಳವನ್ನು ಸರಿಪಡಿಸಲು ಬೇಕಾಗಬಹುದು. ಇನ್ನು ಐದು ವರ್ಷದೊಳಗಿನ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿದರೆ ಅದು ರೋಗವಲ್ಲ. ಅದಕ್ಕಾಗಿ ಹೊಡೆಯುವುದು ಅನ್ಯಾಯ.

ವೈದ್ಯರ ಮುಂದೆ ನಿಂತಾಗ ನಾಲಗೆ ಕಟ್ಟುವುದು ನಮ್ಮವರ ಸ್ವಭಾವ. ಸಂಕೋಚ ಬೇಡ. ಇಂತಹ ಶಸ್ತ್ರಕ್ರಿಯೆಯನ್ನು ತಾವು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಮಾಡುವವರು ತಾವೇಯೋ ಸಹಾಯಕರೋ, ಅರಿವಳಿಕೆ ಕೊಡುವವರಿಗೆ ಮಕ್ಕಳ ಅನುಭವವಿದೆಯೋ, ಎಷ್ಟು ವರ್ಷ ತೋರಿಸುತ್ತಿರಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗರು. ಹಿಂದಿನ ವರದಿಗಳೆಲ್ಲವೂ ಒಂದೇ ಚೀಲದಲ್ಲಿರಲಿ. ಮೊಬೈಲಿನಲ್ಲಿ ಮೂತ್ರದ ಧಾರೆಯ ಚಿತ್ರ ತೆಗೆದು ತೋರಿಸಿದರೆ ನೂರು ಮಾತಿಗಿಂತ ಮೇಲು. ದುಡ್ಡಿನ ಚಿಂತೆಯಿದ್ದರೆ ಪಡಿತರ ಚೀಟಿಯೊಡನೆ ಆಸ್ಪತ್ರೆಯ ಸಮಾಜ ಸೇವಾ ವಿಭಾಗವನ್ನು ಕಾಣಿರಿ. 1948ರ ಕಾಯಿದೆಯಿಂದ ಆರಂಭವಾದ ಇ.ಎಸ್.ಐ. ಯೋಜನೆಯಲ್ಲಿ ಹೆಸರಿರುವ ನೌಕರನ ಮಕ್ಕಳಿಗೂ ಚಿಕಿತ್ಸೆಯ ಹಕ್ಕುಂಟು.

ಕೊನೆಯದಾಗಿ ನನ್ನ ಮಾಲಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಮಗುವಿನ ಕಾಯಿಲೆಯೆಂದು ರಜೆ ಕೇಳಲು ಬಂದವನನ್ನು ಹಬ್ಬದ ನೆಪವೊಡ್ಡಿ ತಡೆಯದಿರಿ. ಎರಡು ದಿನ ದೋಸೆ ಇಲ್ಲವೆಂದು ಗಿರಾಕಿಗಳಿಗೆ ಹೇಳಿದರೆ ಹೋಟೆಲು ಮುಳುಗದು. ಅದನ್ನು ಹೇಳಲಾರದೆ ಹೋದವನು ಈ ಮಾತನ್ನು ಬರೆಯುತ್ತಿದ್ದಾನೆ.