ಸೈಕಲ್ ಸ್ಟ್ಯಾಂಡ್ ಖಾಲಿ, ಊಟದ ಸಾಲು ಉದ್ದ: ಒಂದು ಹೈಸ್ಕೂಲಿನ ಹದಿನೆಂಟು ವರ್ಷ

ಹಬ್ಬಕ್ಕೆ ಊರಿಗೆ ಹೋದಾಗ ಹೈಸ್ಕೂಲಿನ ಗೇಟಿನ ಮುಂದೆ ನಿಂತು ಒಂದು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕೋದು ನಮ್ಮ ವಯಸ್ಸಿನವರಿಗೆ ಈಗ ಅಭ್ಯಾಸವೇ ಆಗಿಬಿಟ್ಟಿದೆ. ಕೆಳಗೆ ಒಂದು ಸಾಲು: 'ನಮ್ಮ ಸ್ಕೂಲ್ ಗುರುತೇ ಸಿಗಲ್ಲ ಗುರೂ!' ನಿಜ, ಗುರುತು ಸಿಗಲ್ಲ. ಹೆಂಚಿನ ಕೊಠಡಿ ಹೋಗಿ ಆರ್‌ಸಿಸಿ ಬಂದಿದೆ, ಕಾಂಪೌಂಡ್ ಎದ್ದಿದೆ, ಗೋಡೆ ಮೇಲೆ ಸೌರಮಂಡಲದ ಚಿತ್ರ ಇದೆ. ಆದರೆ ಈ ಬಣ್ಣದ ಹಿಂದೆ ಮಕ್ಕಳ ಬದುಕಿನಲ್ಲಿ ನಿಜಕ್ಕೂ ಏನು ಬದಲಾಗಿದೆ? ಯಾವುದು ಸುಧಾರಿಸಿದೆ, ಯಾವುದು ಕೈತಪ್ಪಿದೆ?

ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿರುವ ನಮ್ಮ ಸರ್ಕಾರಿ ಪ್ರೌಢಶಾಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ನಾನು ಅಲ್ಲಿ ಎಂಟನೇ ಕ್ಲಾಸಿಗೆ ಸೇರಿದ್ದು 2007ರಲ್ಲಿ. ಹೆಸರು ಬೇಡ. ಇಂಥ ಶಾಲೆಗಳು ರಾಜ್ಯದ ತುಂಬ ಇವೆ, ನಿಮ್ಮದೂ ಇದೇ ಥರ ಇದ್ದೀತು.

ಮೂರೇ ವರ್ಷ, ಆದರೆ ಜಾರುವ ವರ್ಷ

ಹೈಸ್ಕೂಲು ಅಂದರೆ ಎಂಟು, ಒಂಬತ್ತು, ಹತ್ತು, ಮೂರೇ ವರ್ಷ. ಆದರೆ ಮಗು ಶಾಲೆಯಿಂದ ಜಾರಿಹೋಗುವ ಅಪಾಯ ಹೆಚ್ಚಿರುವುದೂ ಇದೇ ವರ್ಷಗಳಲ್ಲಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಅಂದರೆ ಎಂಟನೇ ಕ್ಲಾಸಿನವರೆಗೆ. ಒಂಬತ್ತಕ್ಕೆ ಕಾಲಿಟ್ಟ ಮಗುವಿಗೆ ಆ ಕಾಯ್ದೆಯ ಆಸರೆ ಇಲ್ಲ. ಅದೇ ವಯಸ್ಸಿಗೆ ಹುಡುಗನ ಕೈಗೆ ನಾಲ್ಕು ಕಾಸಿನ ಕೆಲಸ ಸಿಗಲು ಶುರುವಾಗುತ್ತದೆ, ಹುಡುಗಿಗೆ 'ಸಂಬಂಧ' ಬರಲು ಶುರುವಾಗುತ್ತದೆ.

ಹಾಗಾಗಿ ಹೈಸ್ಕೂಲಿನ ಯಾವುದೇ ಬದಲಾವಣೆಯನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಇದರಿಂದ ಮಗು ನಾಳೆಯೂ ಶಾಲೆಗೆ ಬರುತ್ತದೆಯೇ?

ಸೈಕಲ್ ಬಂದ ಕಾಲ

ಆ ಪ್ರಶ್ನೆಗೆ 'ಹೌದು' ಅಂತ ಜೋರಾಗಿ ಹೇಳಿದ್ದು ಸೈಕಲ್. ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ 2006–07ರಲ್ಲಿ ಹುಡುಗಿಯರಿಂದ ಶುರುವಾಗಿ, ಮರುವರ್ಷ ಹುಡುಗರಿಗೂ ಬಂತು. ನಮ್ಮ ಶಾಲೆಗೆ ಸುತ್ತಲಿನ ಏಳೆಂಟು ಹಳ್ಳಿಗಳ ಮಕ್ಕಳು ಬರುತ್ತಾರೆ. ಪ್ರೈಮರಿ ಸ್ಕೂಲು ಮನೆ ಹತ್ತಿರವೇ ಇತ್ತು, ಹೈಸ್ಕೂಲು ಮಾತ್ರ ಐದಾರು ಕಿಲೋಮೀಟರ್. 'ಏಳನೇ ಕ್ಲಾಸಾಯ್ತಲ್ಲ, ಸಾಕು ಬಿಡು' ಅನ್ನುವ ಮಾತು ಹುಟ್ಟುತ್ತಿದ್ದದ್ದೇ ಈ ದೂರದಿಂದ.

ಸೈಕಲ್ ಬಂದ ಮೇಲೆ ಎಲ್ಲವೂ ಒಂದೇ ಥರ ಇದ್ದಿದ್ದರಿಂದ ಹಿಂದಿನ ಮಡ್‌ಗಾರ್ಡ್ ಮೇಲೆ ಪೇಂಟಿನಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದೆವು. ಹುಡುಗಿಯರು ಹತ್ತು ಹದಿನೈದು ಜನ ಗುಂಪಾಗಿ ಬರುತ್ತಿದ್ದರು. ಒಬ್ಬಳ ಚೈನ್ ಕಳಚಿದರೆ ಗುಂಪೆಲ್ಲ ನಿಲ್ಲುತ್ತಿತ್ತು. ಆ ಗುಂಪೇ ತಂದೆ-ತಾಯಂದಿರಿಗೆ ಧೈರ್ಯ. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು. ಪಂಕ್ಚರ್ ಅಂಗಡಿಯವನಿಗೆ ಬಿಡುವೇ ಇರುತ್ತಿರಲಿಲ್ಲ ಅನ್ನೋದೂ ನಿಜ. ಆದರೂ ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಯಾರ ಹಂಗೂ ಇಲ್ಲದೆ ಮನೆಗೆ ಹೋಗುವ ಸ್ವಾತಂತ್ರ್ಯವನ್ನು ಮೊದಲ ಸಲ ಕೊಟ್ಟಿದ್ದು ಅದೇ ಸೈಕಲ್.

ಕೋವಿಡ್ ನಂತರ ಸೈಕಲ್ ವಿತರಣೆ ನಿಂತುಹೋಯಿತು. ನಮ್ಮ ಶಾಲೆಯ ಸೈಕಲ್ ಸ್ಟ್ಯಾಂಡಿನ ಶೀಟಿನ ಕೆಳಗೆ ಈಗ ಮುರಿದ ಡೆಸ್ಕುಗಳನ್ನು ಪೇರಿಸಿದ್ದಾರೆ.

ಬಸ್ ಫ್ರೀ, ಆದರೆ ಯಾವ ಟೈಮಿಗೆ?

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹುಡುಗಿಯರಿಗೆ ಸರ್ಕಾರಿ ಬಸ್ ಉಚಿತ. ಹುಡುಗರಿಗೆ ರಿಯಾಯಿತಿ ಪಾಸ್ ಹೇಗೂ ಇದೆ. ಕಾಗದದ ಮೇಲೆ ನೋಡಿದರೆ ಸೈಕಲ್ ಇಲ್ಲದ ಕೊರತೆ ನೀಗಿದಂತೆಯೇ. ಆದರೆ ಸೈಕಲ್ ಮಗುವಿನ ಟೈಮಿಗೆ ಹೊರಡುತ್ತಿತ್ತು, ಬಸ್ ತನ್ನ ಟೈಮಿಗೆ ಹೊರಡುತ್ತದೆ.

ನಮ್ಮ ಶಾಲೆಯಲ್ಲಿ ಹತ್ತನೇ ಕ್ಲಾಸಿನವರಿಗೆ ಸಂಜೆ ಐದೂವರೆವರೆಗೆ ಸ್ಪೆಷಲ್ ಕ್ಲಾಸ್. ಹಳ್ಳಿಗಳ ಕಡೆಗೆ ಹೋಗುವ ಬಸ್ ಇದ್ದದ್ದು ಐದಕ್ಕೆ. ಅದು ತಪ್ಪಿದರೆ ಮತ್ತೊಂದು ಏಳೂವರೆಗೆ. ಹಾಗಾಗಿ ನಾಲ್ಕೂ ಮುಕ್ಕಾಲು ಆಯಿತೆಂದರೆ ಅರ್ಧ ಕ್ಲಾಸ್ ಬ್ಯಾಗ್ ಎತ್ತಿಕೊಂಡು ಎದ್ದುಬಿಡುತ್ತಿತ್ತು. 'ಬೋರ್ಡ್ ಮೇಲೆ ಪ್ರಮೇಯ ಅರ್ಧ ಬರೆದಿರ್ತೀನಿ, ಹಿಂದೆ ತಿರುಗಿದ್ರೆ ಹುಡುಗೀರೇ ಇರಲ್ಲ' ಅಂತ ಗಣಿತದ ಮೇಡಂ ನಗುತ್ತಾ ಹೇಳಿದರೂ ಅದರಲ್ಲಿ ಸಂಕಟ ಇತ್ತು. ಸ್ಪೆಷಲ್ ಕ್ಲಾಸ್ ಇರೋದೇ ಹಿಂದುಳಿದ ಮಕ್ಕಳಿಗೆ. ತಪ್ಪಿಸಿಕೊಳ್ಳುತ್ತಿದ್ದವರೂ ಅವರೇ.

ತಟ್ಟೆಯಲ್ಲಿ ಏನಿದೆ?

ಸೈಕಲ್ ಸ್ಟ್ಯಾಂಡ್ ಖಾಲಿಯಾದರೂ ಊಟದ ಸಾಲು ಉದ್ದವಾಗಿದೆ. ರಾಜ್ಯದಲ್ಲಿ ಬಿಸಿಯೂಟ ಶುರುವಾಗಿದ್ದು 2002ರಲ್ಲಿ, ಈಶಾನ್ಯದ ಹಿಂದುಳಿದ ಜಿಲ್ಲೆಗಳ ಪ್ರೈಮರಿ ಶಾಲೆಗಳಿಂದ. ಹೈಸ್ಕೂಲಿಗೆ ಅದು ಬಂದದ್ದು 2007–08ರಲ್ಲಿ. ಗಮನಿಸಬೇಕಾದ ವಿಷಯ ಒಂದಿದೆ. ಕೇಂದ್ರದ ಊಟದ ಯೋಜನೆ ಎಂಟನೇ ತರಗತಿವರೆಗೆ ಮಾತ್ರ. ಒಂಬತ್ತು, ಹತ್ತರ ಮಕ್ಕಳ ಊಟದ ಖರ್ಚು ರಾಜ್ಯದ್ದು.

ನಾವಿದ್ದಾಗ ಅನ್ನ ಸಾಂಬಾರು, ವಾರಕ್ಕೊಮ್ಮೆ ಬಿಸಿಬೇಳೆಬಾತು. ಶುರುವಿನಲ್ಲಿ 'ಹೈಸ್ಕೂಲಿಗೆ ಬಂದು ತಟ್ಟೆ ಹಿಡ್ಕೊಂಡು ನಿಲ್ಲೋದಾ' ಅಂತ ದೊಡ್ಡ ಹುಡುಗರಿಗೆ ನಾಚಿಕೆ. ಒಂದೇ ತಿಂಗಳಿಗೆ ನಾಚಿಕೆ ಕರಗಿ, ಎರಡನೇ ಸಲ ಬಡಿಸಿಕೊಳ್ಳಲು ಜಗಳ. ಆಮೇಲೆ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು, ಒಬ್ಬೊಬ್ಬರಿಗೆ 150 ಮಿ.ಲೀ. ಹಾಲು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಶುರುವಾದ ಮೊಟ್ಟೆ, ಆಮೇಲೆ ಇಡೀ ರಾಜ್ಯಕ್ಕೆ ಬಂತು. 2023ರಲ್ಲಿ ಒಂಬತ್ತು, ಹತ್ತರವರಿಗೂ ವಿಸ್ತರಿಸಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದಾದ ಮೇಲೆ, 2024ರಿಂದ ವಾರಕ್ಕೆ ಎರಡು ದಿನ ಇದ್ದದ್ದು ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ.

ಮೊಟ್ಟೆ ಬೇಕೋ ಬೇಡವೋ ಅಂತ ಟಿವಿಯಲ್ಲಿ ಎಷ್ಟೋ ಚರ್ಚೆ ನಡೆಯಿತು. ನಮ್ಮ ಶಾಲೆಯ ಅಡುಗೆ ಅಮ್ಮನನ್ನು ಕೇಳಿದೆ. ಅವರ ಉತ್ತರ ಸರಳ: 'ಬೆಳಗ್ಗೆ ಅವ್ವ-ಅಪ್ಪ ಕೂಲಿಗೆ ಹೋಗಿರ್ತಾರೆ, ಹೊಟ್ಟೆಗೆ ಏನೂ ಇರಲ್ಲ. ಮೊಟ್ಟೆ ಇರೋ ದಿನ ಒಂದು ತಟ್ಟೇನೂ ಉಳಿಯಲ್ಲಪ್ಪ.' ಅಷ್ಟು ಮೊಟ್ಟೆ ಬೇಯಿಸಿ ಸುಲಿಯುವ ಕೆಲಸವೂ ಇವರದ್ದೇ. ಇವರ ಗೌರವಧನ ಮಾತ್ರ ಮೊಟ್ಟೆಯಷ್ಟು ಬೇಗ ಹೆಚ್ಚಲಿಲ್ಲ.

ಹೇಳಿಕೊಳ್ಳಲಾಗದ ರಜೆಗಳು

ನಮ್ಮ ಕಾಲದಲ್ಲಿ ಹುಡುಗಿಯರು ತಿಂಗಳಲ್ಲಿ ಎರಡು ಮೂರು ದಿನ ಯಾಕೆ ಬರುತ್ತಿರಲಿಲ್ಲ ಅನ್ನೋದು ಹುಡುಗರಾದ ನಮಗೆ ತಿಳಿದಿರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ 'ಜ್ವರ' ಅಂತ ಇರುತ್ತಿತ್ತು. ಶೌಚಾಲಯ ಇತ್ತು, ನೀರಿರಲಿಲ್ಲ, ಚಿಲಕವೂ ಇರಲಿಲ್ಲ. 2014ರ ನಂತರ ಸ್ವಚ್ಛ ವಿದ್ಯಾಲಯ ಅಭಿಯಾನದಲ್ಲಿ ದೇಶದ ಉದ್ದಗಲಕ್ಕೂ ಶಾಲೆಗಳಲ್ಲಿ ಶೌಚಾಲಯ ಕಟ್ಟಿದಾಗ ನಮ್ಮಲ್ಲೂ ಹೊಸದೊಂದು ಎದ್ದಿತು. ರಾಜ್ಯದ ಶುಚಿ ಯೋಜನೆಯಲ್ಲಿ 2013–14ರಿಂದ ಸ್ಯಾನಿಟರಿ ಪ್ಯಾಡ್ ಕೊಡುತ್ತಿದ್ದರು. ಕೋವಿಡ್ ಹೊತ್ತಿಗೆ ಅದೂ ನಿಂತು, 2024ರಲ್ಲಿ ಮತ್ತೆ ಶುರುವಾಯಿತು.

ನಡುವಿನ ಆ ವರ್ಷಗಳಲ್ಲಿ ಹೈಸ್ಕೂಲು ಮುಗಿಸಿದ ಹುಡುಗಿಯರ ಪಾಲಿಗೆ ಯೋಜನೆ ಇತ್ತು ಅನ್ನೋದೇ ಸುಳ್ಳು. ಹೈಸ್ಕೂಲು ಮೂರೇ ವರ್ಷದ್ದಾದ್ದರಿಂದ, ಒಂದು ಯೋಜನೆ ಮೂರು ವರ್ಷ ನಿಂತರೆ ಒಂದು ಬ್ಯಾಚ್ ಪೂರ್ತಿ ಅದಿಲ್ಲದೆಯೇ ಹೊರಗೆ ಹೋಗಿರುತ್ತದೆ. ಫೈಲ್ ಮತ್ತೆ ತೆರೆಯಬಹುದು, ಆ ಮಕ್ಕಳ ಒಂಬತ್ತನೇ ಕ್ಲಾಸ್ ಮತ್ತೆ ತೆರೆಯಲ್ಲ.

ಕೊರೋನ ಎಂಬ ನಾಲ್ಕನೇ ವರ್ಷ

2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಶಾಲೆ ಹತ್ತನೆಯವರಿಗೆ ಮತ್ತೆ ತೆರೆದದ್ದು 2021ರ ಜನವರಿ 1ಕ್ಕೆ. ನಡುವೆ ಚಂದನ ವಾಹಿನಿಯಲ್ಲಿ ಸಂವೇದ ಪಾಠ. ಮೇಷ್ಟ್ರುಗಳೇ ಹಳ್ಳಿಗೆ ಹೋಗಿ ದೇವಸ್ಥಾನದ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡುವ ವಿದ್ಯಾಗಮ ಆಗಸ್ಟ್‌ನಲ್ಲಿ ಶುರುವಾಗಿ, ಸೋಂಕಿನ ಭಯದಲ್ಲಿ ಅಕ್ಟೋಬರ್‌ನಲ್ಲಿ ನಿಂತಿತು. 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು 8 ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಕೊಂಡು ಬರೆದರು. 2021ರಲ್ಲಿ ಎರಡೇ ದಿನ, ಜುಲೈ 19 ಮತ್ತು 22, ಓಎಂಆರ್ ಶೀಟಿನಲ್ಲಿ ಗುಂಡಿ ತುಂಬುವ ಪರೀಕ್ಷೆ. ಬಹುತೇಕ ಎಲ್ಲರೂ ಪಾಸು.

ಪಾಸಾದವರ ಲೆಕ್ಕ ಸಿಕ್ಕಿತು, ಪರೀಕ್ಷೆಗೇ ಬಾರದವರ ಲೆಕ್ಕ ಊರಿನವರಿಗೇ ಗೊತ್ತು. ನಮ್ಮ ಶಾಲೆಯಲ್ಲಿ ಕೆಲ ಹುಡುಗರು ಬೆಂಗಳೂರಿನ ಬೇಕರಿ, ಗಾರೆ ಕೆಲಸಕ್ಕೆ ಹೋದವರು ವಾಪಸ್ ಬರಲಿಲ್ಲ. ಲಾಕ್‌ಡೌನಿನಲ್ಲಿ 'ಖರ್ಚು ಕಡಿಮೆ' ಅಂತ ಮದುವೆಯಾದ ಹುಡುಗಿಯರೂ ಇದ್ದರು. ಆಗ ಒಂಬತ್ತರಲ್ಲಿದ್ದವಳಿಗೆ ಇಪ್ಪತ್ತು ದಾಟುವ ಮೊದಲೇ ಕಂಕುಳಲ್ಲಿ ಮಗು.

ಕಂಪ್ಯೂಟರ್ ಕೋಣೆಯ ಬೀಗ

ಕಂಪ್ಯೂಟರ್ ಕೋಣೆಯ ಕಥೆ ಬೇಗ ಮುಗಿಯುತ್ತದೆ. ನಾವಿದ್ದಾಗ ಹತ್ತು ಕಂಪ್ಯೂಟರ್, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಪೇಂಟ್‌ನಲ್ಲಿ ಮನೆ ಚಿತ್ರ ಬಿಡಿಸಬೇಕು. ಕಲಿಸಲು ಬರುತ್ತಿದ್ದವರ ಗುತ್ತಿಗೆ ಮುಗಿಯಿತು, ಯುಪಿಎಸ್ ಬ್ಯಾಟರಿ ಸತ್ತಿತು, ಬೀಗ ಬಿತ್ತು. 2016ರ ನಂತರ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮದಲ್ಲಿ ಶಿಕ್ಷಕರಿಗೆ ತರಬೇತಿ, ಶಾಲೆಗಳಿಗೆ ಲ್ಯಾಪ್‌ಟಾಪ್ ಬಂದವು. ನಮ್ಮ ಶಾಲೆಯಲ್ಲಿ ಈಗ ಆ ಲ್ಯಾಪ್‌ಟಾಪ್ ಹೆಚ್ಚು ಬಳಕೆಯಾಗುವುದು ಪಾಠಕ್ಕಲ್ಲ, ಮಾಹಿತಿ ತುಂಬಲು. ಹಾಜರಿ, ಊಟ, ಅಂಕ, ಆಧಾರ್, ಎಲ್ಲವೂ ಆನ್‌ಲೈನ್. ಸರ್ವರ್ ಡೌನ್ ಆದರೆ ವಿಜ್ಞಾನದ ಮೇಷ್ಟ್ರು ರಾತ್ರಿ ಹತ್ತಕ್ಕೆ ಮನೆಯಲ್ಲಿ ಕೂತು ತುಂಬುತ್ತಾರೆ. ಸಾಫ್ಟ್‌ವೇರ್ ಬರೆಯುವ ನಮ್ಮಂಥವರು ಇದನ್ನು ಒಮ್ಮೆ ನೋಡಬೇಕು. ಒಂದೇ ಮಗುವಿನ ಮಾಹಿತಿಯನ್ನು ಒಬ್ಬ ಮೇಷ್ಟ್ರು ಎಷ್ಟು ಕಡೆ ತುಂಬುತ್ತಾರೆ ಅಂತ.

ಪರೀಕ್ಷೆ ಬಿಗಿಯಾಯಿತು

2014–15ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಬಂತು. 2024ರಲ್ಲಿ ಎರಡು ದೊಡ್ಡ ಬದಲಾವಣೆ: ವರ್ಷಕ್ಕೆ ಮೂರು ಪರೀಕ್ಷೆ ಮತ್ತು ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರ ಮೊದಲ ಪರೀಕ್ಷೆಯಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ.

ನಕಲು ನಿಂತದ್ದು ಒಳ್ಳೆಯದೇ, ಅನುಮಾನ ಬೇಡ. ಆದರೆ ಕ್ಯಾಮೆರಾ ತೋರಿಸಿದ್ದು ಮಕ್ಕಳ ಕಳ್ಳತನವನ್ನಷ್ಟೇ ಅಲ್ಲ, ಖಾಲಿ ಇದ್ದ ಶಿಕ್ಷಕರ ಹುದ್ದೆಗಳನ್ನೂ. ನಮ್ಮ ಶಾಲೆಯಲ್ಲಿ ಇಂಗ್ಲಿಷಿಗೆ ಎರಡು ವರ್ಷ ಅತಿಥಿ ಶಿಕ್ಷಕರೇ. ಜೂನ್‌ನಲ್ಲಿ ಶಾಲೆ ಶುರುವಾದರೆ ಅವರು ಬರುವಷ್ಟರಲ್ಲಿ ಒಂದೆರಡು ತಿಂಗಳು ಕಳೆದಿರುತ್ತದೆ. ಕ್ಯಾಮೆರಾ ಪರೀಕ್ಷೆಯ ದಿನ ಸರಿಯಾಗಿ ಬಂತು, ಮೇಷ್ಟ್ರು ಪಾಠದ ದಿನ ಬರಲಿಲ್ಲ. ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಫೇಲಾದವರಿಗೆ ಅದೇ ವರ್ಷ ಮತ್ತೆ ಅವಕಾಶ. ಇದು ನಿಜವಾಗಿಯೂ ಉಪಯೋಗವಾಗಬೇಕಾದರೆ, ಫೇಲಾದ ಮಗು ಬೇಕರಿ ಕೆಲಸದ ಬಸ್ ಹತ್ತುವ ಮೊದಲು ಯಾರಾದರೂ ಹೋಗಿ 'ಇನ್ನೊಂದ್ಸಲ ಬರಿ ಬಾ' ಅನ್ನಬೇಕು.

ಹಳೆಯ ವಿದ್ಯಾರ್ಥಿಗಳು ಏನು ಮಾಡಬಹುದು?

ಕಳೆದ ವರ್ಷ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಹಣ ಕೂಡಿಸುವ ಮಾತು ಬಂತು. ಹೆಚ್ಚಿನವರ ಓಟು ಸ್ಮಾರ್ಟ್ ಬೋರ್ಡಿಗೆ. ಫೋಟೋ ಚೆನ್ನಾಗಿ ಬರುತ್ತೆ, ಕೆಳಗೆ ಬ್ಯಾಚಿನ ಹೆಸರೂ ಹಾಕಿಸಬಹುದು. ಒಬ್ಬಳು ಮಾತ್ರ ಬರೆದಳು: 'ಮೊದ್ಲು ಹೆಡ್‌ಮಾಸ್ಟರ್‌ನ ಕೇಳ್ರೋ, ಏನ್ ಬೇಕು ಅಂತ.' ಕೇಳಿದಾಗ ಅವರು ಹೇಳಿದ್ದು ಎರಡೇ: ಶೌಚಾಲಯಕ್ಕೆ ನೀರಿನ ಮೋಟಾರು, ಸಂಜೆ ಬಸ್ಸಿನ ಟೈಮು.

ಮೋಟಾರಿಗೆ ದುಡ್ಡು ಬೇಕಿತ್ತು, ಕೊಟ್ಟೆವು. ಬಸ್ಸಿಗೆ ದುಡ್ಡು ಬೇಕಿರಲಿಲ್ಲ, ಓಡಾಟ ಬೇಕಿತ್ತು. ಹೆಡ್‌ಮಾಸ್ಟರ ಪತ್ರ, ಯಾವ ಊರಿಗೆ ಎಷ್ಟು ಮಕ್ಕಳು ಅನ್ನುವ ಪಟ್ಟಿ, ಎಸ್‌ಡಿಎಂಸಿ ಸದಸ್ಯರ ಸಹಿ ಹಿಡಿದು ಊರಿನಲ್ಲೇ ಇರುವ ಇಬ್ಬರು ಗೆಳೆಯರು ಡಿಪೋಗೆ ನಾಲ್ಕು ಸಲ ಹೋದರು. ಐದರ ಬಸ್ ಈಗ ಐದೂ ಮುಕ್ಕಾಲಿಗೆ ಹೊರಡುತ್ತದೆ. ಮೇಡಂನ ಪ್ರಮೇಯ ಪೂರ್ತಿಯಾಗುತ್ತಿದೆ.

ನಿಮ್ಮ ಶಾಲೆಗೆ ಏನಾದರೂ ಮಾಡಬೇಕು ಅಂತಿದ್ದರೆ ಬಣ್ಣ, ಬೋರ್ಡು, ಧ್ವಜಸ್ತಂಭಕ್ಕೆ ಮೊದಲು ಹೆಡ್‌ಮಾಸ್ಟರಿಗೆ ಒಂದು ಫೋನ್ ಮಾಡಿ ಈ ನಾಲ್ಕು ಕೇಳಿ:

- ಸ್ಪೆಷಲ್ ಕ್ಲಾಸ್ ಎಷ್ಟಕ್ಕೆ ಬಿಡುತ್ತೆ, ಕೊನೆಯ ಬಸ್ ಎಷ್ಟಕ್ಕೆ?
- ಹುಡುಗಿಯರ ಶೌಚಾಲಯದಲ್ಲಿ ಇವತ್ತು ನೀರು ಬರ್ತಿದೆಯಾ?
- ಯಾವ ವಿಷಯಕ್ಕೆ ಮೇಷ್ಟ್ರಿಲ್ಲ?
- ಈ ವರ್ಷ ಒಂಬತ್ತರಿಂದ ಹತ್ತಕ್ಕೆ ಬರಬೇಕಾದವರಲ್ಲಿ ಯಾರು ಬಂದಿಲ್ಲ?

ನಾಲ್ಕನೇ ಪ್ರಶ್ನೆಗೆ ಅವರು ಒಂದೆರಡು ಹೆಸರು ಹೇಳಿಯೇ ಹೇಳುತ್ತಾರೆ. ಕೆಲಸ ಅಲ್ಲಿಂದ ಶುರು ಮಾಡಿ.