ಗ್ಯಾಸ್ ಗಾಡಿಯ ಪ್ಲಗ್ಗು: ಕೂದಲೆಳೆಯ ಅಂತರದ ವಿದ್ಯೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಹಿಂದಿನ ಓಣಿಗಳಲ್ಲಿ, ವಾಹನದ ಒಂದೊಂದು ಅವಯವಕ್ಕೂ ಒಬ್ಬೊಬ್ಬ ನಿಪುಣನಿದ್ದ ಕಾಲವೊಂದಿತ್ತು: ರೇಡಿಯೇಟರಿಗೆ ಒಬ್ಬ, ಡೈನಮೋವಿಗೆ ಒಬ್ಬ, ಕಾರ್ಬ್ಯುರೇಟರಿಗೆ ಮತ್ತೊಬ್ಬ. ಆ ಪರಂಪರೆಗೆ ಸೇರಿದ ಹಿರಿಯ ಮೇಸ್ತ್ರಿಗಳೊಬ್ಬರು ಈಗಲೂ ಅಲ್ಲಿ ದಿನವೂ ತಮ್ಮ ಶೆಡ್ಡಿನ ಬಾಗಿಲು ತೆರೆಯುತ್ತಾರೆ. ಎಲ್‌ಪಿಜಿಯಿಂದ ಓಡುವ ಕಾರಿಗೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನು ಆರಿಸಿ, ಅದರ ಎರಡು ಎಲೆಕ್ಟ್ರೋಡುಗಳ ನಡುವಿನ ಅಂತರವನ್ನು, ಎಂದರೆ ಗ್ಯಾಪನ್ನು, ಹೊಂದಿಸಿಕೊಡುವುದು ಅವರ ವಿಶೇಷ ವಿದ್ಯೆ. ಹೊರಗಿನವರ ಕಣ್ಣಿಗೆ ಅಲ್ಪವೆಂದು ತೋರುವ ಈ ಕೆಲಸಕ್ಕೆ ಎಷ್ಟು ವಿವೇಚನೆ ಬೇಕೆಂಬುದು ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತವರಿಗೆಲ್ಲ ಮನವರಿಕೆಯಾಗುತ್ತದೆ.

ನಾನು ಹೋದಾಗ ಅವರ ಮುಂದೆ ಹಳೆಯ ಮಾರುತಿ ಓಮ್ನಿಯೊಂದು ನಿಂತಿತ್ತು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೂ ಅವರು ಸ್ಪ್ಯಾನರು ಹಿಡಿಯಲೊಲ್ಲರು. ಅಲ್ಯೂಮಿನಿಯಮ್ ಹೆಡ್ಡು ಬಿಸಿಯಿರುವಾಗ ಪ್ಲಗ್ಗು ಬಿಚ್ಚಿದರೆ ತಿರುಪಿನ ಮರೆಯೇ ಕಿತ್ತುಬರುವ ಅಪಾಯವುಂಟು. ಆಮೇಲೆ ಮೂರು ಸಿಲಿಂಡರುಗಳ ಮೂರು ಪ್ಲಗ್ಗುಗಳನ್ನು ಬಿಚ್ಚಿ, ಒಗೆದ ಬಿಳಿಯ ಬಟ್ಟೆಯ ಮೇಲೆ ಅವು ಇದ್ದ ಕ್ರಮದಲ್ಲಿಯೇ ಸಾಲಾಗಿಟ್ಟು, ಭೂತಗನ್ನಡಿ ಹಿಡಿದು ಒಂದೊಂದನ್ನೂ ಬೆಳಕಿಗೆ ತಿರುಗಿಸಿ ನೋಡತೊಡಗಿದರು. ಪೆಟ್ರೋಲ್ ಗಾಡಿಯ ಪ್ಲಗ್ಗಿನ ಪಿಂಗಾಣಿ ಸರಿಯಾಗಿ ಉರಿದಾಗ ತಿಳಿಗಂದು ಬಣ್ಣಕ್ಕೆ ತಿರುಗುತ್ತದೆ. ಗ್ಯಾಸಿನದಾದರೋ ಬಹುಮಟ್ಟಿಗೆ ಬೂದಿ ಬಿಳುಪಾಗಿಯೇ ಉಳಿಯುತ್ತದೆ. "ಪೆಟ್ರೋಲ್ ಗಾಡೀದಾದ್ರೆ ಮಸಿ ಹಿಡಿದು ತಪ್ಪು ತಾನೇ ಹೇಳ್ಕೊಳ್ಳುತ್ತೆ ಸ್ವಾಮಿ, ಗ್ಯಾಸ್ ಗಾಡೀದು ಬಾಯೇ ಬಿಡಲ್ಲ. ಹುಡುಗರು ಬೆಳ್ಳಗಿದೆ ಅಂತ ನೋಡಿ ಹಾಗೇ ಹಾಕ್ಬಿಡ್ತಾರೆ" ಎಂದರು. ಅವರು ಹುಡುಕುತ್ತಿದ್ದುದು ಬಣ್ಣವನ್ನಲ್ಲ. ನಡುವಿನ ಎಲೆಕ್ಟ್ರೋಡಿನ ಅಂಚು ಚೌಕವಾಗಿ ನಿಂತಿದೆಯೇ, ಸವೆದು ಗುಂಡಾಗಿದೆಯೇ. ಪಿಂಗಾಣಿಯ ಮೇಲೆ ಲೋಹ ಕರಗಿ ಸಿಡಿದ ಸೂಜಿಮೊನೆಯಷ್ಟು ಸಣ್ಣ ಮಣಿಗಳೇನಾದರೂ ಅಂಟಿವೆಯೇ. ಇವೇ ಅವರಿಗೆ ಬೇಕಾದ ಸಾಕ್ಷ್ಯಗಳು. ಎರಡನೆಯ ಸಿಲಿಂಡರಿನ ಪ್ಲಗ್ಗಿನಲ್ಲಿ ಅಂಚು ಗುಂಡಾಗಿರುವುದನ್ನು ನನಗೂ ತೋರಿಸಿದರು. ಗಾಡಿ ಏರಿನಲ್ಲಿ ಮಿಸ್ ಹೊಡೆಯುತ್ತಿದ್ದುದಕ್ಕೆ ಅದೇ ಕಾರಣವಾಗಿತ್ತು.

ಗ್ಯಾಸು ಪೆಟ್ರೋಲಿಗಿಂತ ಶುಭ್ರವಾಗಿ ಉರಿಯುತ್ತದೆ. ಅದರ ಆಕ್ಟೇನ್ ಸಂಖ್ಯೆ 100ನ್ನು ಮೀರಿದುದು. ಆದರೂ ಪ್ಲಗ್ಗಿನ ಮೇಲೆ ಅದು ಹೊರಿಸುವ ಭಾರ ಹೆಚ್ಚು. ಪೆಟ್ರೋಲು ಹನಿಹನಿಯಾಗಿ ಒಳಸೇರಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಸಾಮಾನ್ಯ ಗ್ಯಾಸ್ ಕಿಟ್ಟಿನಲ್ಲಿಯಾದರೋ ವೇಪರೈಸರಿನ ಬಿಸಿನೀರಿನಿಂದ ಮೊದಲೇ ಆವಿಯಾದ ಒಣ ಅನಿಲವೇ ಸಿಲಿಂಡರಿಗೆ ಬರುವುದರಿಂದ ಆ ತಂಪು ದೊರೆಯದು. ಅಲ್ಲದೆ ಈ ಒಣ ಮಿಶ್ರಣವನ್ನು ಭೇದಿಸಲು ಕಿಡಿಗೆ ಹೆಚ್ಚಿನ ವೋಲ್ಟೇಜು ಬೇಕು. ಹೀಗೆ ಶಾಖವೊಂದು, ವಿದ್ಯುತ್ತೊಂದು, ಎರಡು ಕಡೆಯಿಂದಲೂ ಪ್ಲಗ್ಗು ಪೀಡನೆಗೆ ಒಳಗಾಗುತ್ತದೆ. ಮೊದಲನೆಯದಕ್ಕೆ ಪರಿಹಾರ ಆಯ್ಕೆಯಲ್ಲಿ, ಎರಡನೆಯದಕ್ಕೆ ಗ್ಯಾಪಿನಲ್ಲಿ.

ಆಯ್ಕೆಯೆಂದರೆ ಪ್ಲಗ್ಗಿನ ಹೀಟ್ ರೇಂಜ್. ಒಳಗಿನ ಪಿಂಗಾಣಿಯ ಮೂತಿ ಗಿಡ್ಡವಾಗಿದ್ದರೆ ಶಾಖವು ಬೇಗ ಹೆಡ್ಡಿಗೆ ಹರಿದುಹೋಗುತ್ತದೆ, ಅದು ತಂಪು ಪ್ಲಗ್ಗು. ಉದ್ದವಾಗಿದ್ದರೆ ಬಿಸಿ ಪ್ಲಗ್ಗು. ಗ್ಯಾಸಿನಲ್ಲಿಯೇ ಹೆದ್ದಾರಿ ಹಿಡಿದು ಭಾರ ಹೊತ್ತು ಓಡುವ ಗಾಡಿಗೆ ಕಂಪನಿ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ತಂಪಾದುದನ್ನು ಹಾಕುವುದು ವಾಡಿಕೆ. ಊರೊಳಗೆ ನಿಧಾನವಾಗಿ ತಿರುಗುತ್ತ, ಪ್ರತಿದಿನ ಪೆಟ್ರೋಲಿನಲ್ಲಿ ಸ್ಟಾರ್ಟಾಗುವ ಗಾಡಿಗೆ ಮೂಲದ ದರ್ಜೆಯೇ ಸಾಕು, ಏಕೆಂದರೆ ಅತಿ ತಂಪಾದ ಪ್ಲಗ್ಗು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲಾರದು. ಇಲ್ಲಿ ಎಚ್ಚರ ತಪ್ಪಿಸುವ ಸಂಗತಿಯೊಂದಿದೆ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್ಗುಗಳಲ್ಲಿ ಅಂಕಿ ಏರಿದಂತೆ ಪ್ಲಗ್ಗು ತಂಪಾಗುತ್ತದೆ. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗುಗಳಲ್ಲಿ ಅಂಕಿ ಇಳಿದಂತೆ ತಂಪಾಗುತ್ತದೆ. ಇದನ್ನರಿಯದೆ ಅಂಕಿಯನ್ನಷ್ಟೇ ನೋಡಿ ಕೊಂಡವರು ತಂಪನ್ನು ಬಯಸಿ ಬಿಸಿಯನ್ನು ಮನೆಗೆ ತಂದದ್ದುಂಟು.

ಇನ್ನು ಗ್ಯಾಪಿನ ವಿಷಯ. ಕಿಡಿಯು ಎರಡು ಲೋಹಗಳ ನಡುವಿನ ಅನಿಲವನ್ನು ದಾಟಲು ಬೇಕಾಗುವ ವೋಲ್ಟೇಜು, ಅನಿಲದ ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ನಿರೂಪಿಸಿದನು. ಸಿಲಿಂಡರಿನ ಒತ್ತಡ ನಮ್ಮ ಕೈಯಲ್ಲಿಲ್ಲ. ಅಂತರ ಮಾತ್ರ ಇದೆ. ಆದುದರಿಂದ ಪೆಟ್ರೋಲಿಗೆ ನಿಗದಿಯಾದ ಗ್ಯಾಪಿನಿಂದ 0.1 ಅಥವಾ 0.2 ಮಿ.ಮೀ. ಕಡಿಮೆ ಮಾಡುತ್ತಾರೆ, 0.9 ಇದ್ದಲ್ಲಿ 0.7 ಅಥವಾ 0.8. ಮೇಸ್ತ್ರಿಗಳು ಫೀಲರ್ ಗೇಜಿನ ಎಲೆಯನ್ನು ಒಳಸೇರಿಸಿ, ಹೊರಗಿನ ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಮೆಲ್ಲನೆ ತಟ್ಟುತ್ತಾರೆ. ನಡುವಿನದನ್ನು ಎಂದೂ ಮೀಟುವುದಿಲ್ಲ, ಪಿಂಗಾಣಿ ಬಿರಿಯುತ್ತದೆ. ಎಲೆಯನ್ನು ಎಳೆದಾಗ ಹಪ್ಪಳದ ಹಿಟ್ಟಿನಿಂದ ಚಾಕು ಬಿಡಿಸಿಕೊಳ್ಳುವಷ್ಟು ಹಿಡಿತ ಬೆರಳಿಗೆ ಸಿಕ್ಕರೆ ಗ್ಯಾಪು ಕೂಡಿತು. ಇರಿಡಿಯಮ್ ಪ್ಲಗ್ಗಿನ ತುದಿ ಅತಿ ಸೂಕ್ಷ್ಮವಾದುದರಿಂದ ಅದಕ್ಕೆ ಅವರು ಎಲೆಯನ್ನು ತಾಗಿಸುವುದೇ ಇಲ್ಲ, ತಂತಿಯ ಗೇಜನ್ನು ಬಳಸುತ್ತಾರೆ. ಗ್ಯಾಪು ಹೆಚ್ಚಾದರೆ ಕಿಡಿ ತಪ್ಪುತ್ತದೆ. ಹಳೆಯ ಮಿಕ್ಸರ್ ಮಾದರಿಯ ಕಿಟ್ಟಿನಲ್ಲಿ ಮ್ಯಾನಿಫೋಲ್ಡಿನ ತುಂಬ ಅನಿಲವಿರುವುದರಿಂದ, ತಪ್ಪಿದ ಕಿಡಿ ಬ್ಯಾಕ್‌ಫೈರಾಗಿ ಏರ್ ಫಿಲ್ಟರಿನ ಡಬ್ಬಿಯನ್ನೇ ಒಡೆಯಬಲ್ಲದು.

ಚರಿತ್ರೆಯನ್ನು ಕೇಳಿದರೆ ಮೇಸ್ತ್ರಿಗಳು ಆಡುಗೋಡಿಯತ್ತ ಕೈ ತೋರುತ್ತಾರೆ. 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪನಿಯ ಅಲ್ಲಿನ ಕಾರ್ಖಾನೆ ತಯಾರಿಸಿದ ಪ್ಲಗ್ಗುಗಳು ದೇಶದ ಮೂಲೆಮೂಲೆಗೂ ಹೋದುವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಮೈಕೋ ಲೇಔಟಿನಲ್ಲಿ ಹಳೆಯ ಹೆಸರು ಉಳಿದಿದೆ. ಮೂಲ ಬಾಷ್ ಸಂಸ್ಥೆಯಲ್ಲಿಯೇ ಗಾಟ್‌ಲೋಬ್ ಹೊನಾಲ್ಡ್ ಎಂಬ ಎಂಜಿನಿಯರು 1902ರಲ್ಲಿ ಹೈವೋಲ್ಟೇಜ್ ಮ್ಯಾಗ್ನೆಟೋ ಮತ್ತು ಪ್ಲಗ್ಗುಗಳನ್ನು ಸಿದ್ಧಪಡಿಸಿದ್ದು. ಅದಕ್ಕೂ ಹಿಂದೆ, 1860ರಲ್ಲಿ, ಪ್ಯಾರಿಸಿನ ಎಟಿಯೆನ್ ಲೆನ್ವಾರ್ ವಿದ್ಯುತ್ ಕಿಡಿಯಿಂದ ನಡೆಸಿದ ಎಂಜಿನು ಉರಿಸಿದ್ದು ಪೆಟ್ರೋಲನ್ನಲ್ಲ, ಕಲ್ಲಿದ್ದಲ ಅನಿಲವನ್ನು. ಪ್ಲಗ್ಗಿಗೆ ಗ್ಯಾಸು ಹೊಸಬನಲ್ಲ.

ನಮ್ಮಲ್ಲಿ ವಾಹನಗಳಿಗೆ ಎಲ್‌ಪಿಜಿ ಬಳಸುವುದನ್ನು ನಿಯಂತ್ರಿಸುವ ಆಜ್ಞೆ 2001ರಲ್ಲಿ ಬಂದಮೇಲೆ ಬೆಂಗಳೂರಿನ ಆಟೋಗಳೂ ಅನೇಕ ಕಾರುಗಳೂ ಈ ಇಂಧನಕ್ಕೆ ತಿರುಗಿದುವು. ಮೇಸ್ತ್ರಿಗಳ ಶೆಡ್ಡಿನ ಮುಂದೆ ಸರದಿ ನಿಲ್ಲುತ್ತಿದ್ದುದು ಆಗಲೇ. ಈಗ ಸಿಎನ್‌ಜಿ ಬಂದಿದೆ, ವಿದ್ಯುತ್ ವಾಹನಗಳು ಬಂದಿವೆ. ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕುಳಿತಿರುವ ಹೊಸ ಎಂಜಿನಿಗೆ ಕೈ ಹಾಕುವ ಮೊದಲು ಸ್ಕ್ಯಾನರು ಬೇಕು. ಅವರ ಬಳಿ ಕಲಿಯಲು ಬಂದ ಹುಡುಗರು ಹೆಚ್ಚು ದಿನ ನಿಲ್ಲಲಿಲ್ಲ. ಅದಕ್ಕಾಗಿ ಅವರು ಯಾರನ್ನೂ ದೂರುವುದಿಲ್ಲ. ಆದರೆ ಗ್ಯಾಸಿನ ಹಳೆಯ ಗಾಡಿಗಳು ಇನ್ನೂ ರಸ್ತೆಯ ಮೇಲಿವೆ, ಅವುಗಳನ್ನೇ ನಂಬಿದ ಸಂಸಾರಗಳೂ ಇವೆ. ಸಿಎನ್‌ಜಿಯೂ ಒಣ ಅನಿಲವೇ ಆದುದರಿಂದ ಈ ವಿದ್ಯೆ ಅದಕ್ಕೂ ಸಲ್ಲುತ್ತದೆ. ನಮ್ಮ ಐಟಿಐಗಳು ಇಂಥ ಮೇಸ್ತ್ರಿಗಳನ್ನು ಕರೆದು, ಭೂತಗನ್ನಡಿಯನ್ನೂ ಫೀಲರ್ ಗೇಜನ್ನೂ ಅವರ ಕೈಗಿತ್ತು, ಎಳೆಯರನ್ನು ಎದುರಿಗೆ ಕೂರಿಸಬೇಕು. ಗ್ಯಾಸ್ ಗಾಡಿ ಇರುವವರು ಪ್ಲಗ್ಗು ಬೆಳ್ಳಗಿದೆಯೆಂದು ನೆಮ್ಮದಿಯಿಂದಿರದೆ, ಪ್ರತಿ ಸರ್ವಿಸಿನಲ್ಲಿಯೂ ಅದನ್ನು ಬಿಚ್ಚಿಸಿ ಗ್ಯಾಪನ್ನು ಅಳೆಯಿಸಬೇಕು.