ಒಣ ಸೌದೆಯ ಲೆಕ್ಕ

ಅಡುಗೆ ಅನಿಲ ಹಳ್ಳಿಹಳ್ಳಿಗೂ ತಲುಪಿದ ಮೇಲೆ ಸೌದೆ ವ್ಯಾಪಾರಕ್ಕೆ ಕಾಲ ಮುಗಿಯಿತೆಂಬ ಭಾವನೆ ನಗರವಾಸಿಗಳಲ್ಲಿ ಸಾಮಾನ್ಯವಾಗಿದ್ದರೂ, ಕರ್ನಾಟಕದಲ್ಲಿ ನಿಜವಾಗಿ ಕುಗ್ಗಿರುವುದು ಮನೆಬಳಕೆಯ ಚಿಲ್ಲರೆ ಮಾರಾಟವೇ ಹೊರತು ಸಗಟು ಬೇಡಿಕೆಯಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಸುತ್ತ ವರ್ಜೀನಿಯಾ ತಂಬಾಕಿನ ಎಲೆಯನ್ನು ಹದ ಮಾಡುವ ಬ್ಯಾರನ್‌ಗಳು, ಅಂದರೆ ಹೊಗೆ ಎಲೆಗೆ ತಾಗದಂತೆ ಲೋಹದ ಕೊಳವೆಯ ಮೂಲಕ ಬಿಸಿಯನ್ನಷ್ಟೇ ಒಳಗೆ ಹಾಯಿಸುವ ಎತ್ತರದ ಕೋಣೆಗಳು, ಬಹುಪಾಲು ಸೌದೆಯಿಂದಲೇ ನಡೆಯುತ್ತವೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆಗೂಡು ಬೇಯಿಸುವ ಸಣ್ಣ ಘಟಕಗಳೂ ಮಲೆನಾಡಿನಲ್ಲಿ ಸುಲಿದ ಹಸಿ ಅಡಿಕೆ ಬೇಯಿಸುವ ಹಂಡೆಗಳೂ ಸೌದೆಯನ್ನು ಬಿಟ್ಟಿಲ್ಲ. ಮದುವೆ ಮನೆಯ ಅಡುಗೆಯವರು, ಹಳೆಯ ಬೇಕರಿಗಳು, ಹಾಸ್ಟೆಲ್ ಮತ್ತು ಮಠಗಳ ದಾಸೋಹದ ಒಲೆಗಳು, ಇಟ್ಟಿಗೆ ಗೂಡುಗಳು, ಕೊನೆಗೆ ಸ್ಮಶಾನ: ಇವೆಲ್ಲ ಸೇರಿದರೆ ಗಿರಾಕಿಗಳ ಪಟ್ಟಿ ಚಿಕ್ಕದೇನೂ ಅಲ್ಲ. ಇದಕ್ಕೆ ಈಚೆಗೆ ಸೇರಿಕೊಂಡವರು ಕೊಡಗು, ಚಿಕ್ಕಮಗಳೂರಿನ ರೆಸಾರ್ಟ್‌ಗಳಲ್ಲಿ ರಾತ್ರಿ ಬೆಂಕಿ ಹಾಕುವವರು ಮತ್ತು ಬೆಂಗಳೂರಿನಲ್ಲಿ ಸೌದೆ ಒಲೆಯ ಪಿಜ್ಜಾ, ಹೊಗೆಯಲ್ಲಿ ಬೇಯಿಸಿದ ಮಾಂಸ ಮಾರುವ ಹೋಟೆಲಿನವರು.

ಈ ವ್ಯಾಪಾರಕ್ಕೆ ಕೈಹಾಕುವವರು ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಕೊಳ್ಳುವುದು ಮರವಾದರೂ ಮಾರಬೇಕಾದದ್ದು ಒಣಗಿದ ಗುಣವನ್ನು. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಈ ನೀರಿನ ಪ್ರಮಾಣವಾದ ತೇವಾಂಶವನ್ನು ಎರಡು ರೀತಿ ಲೆಕ್ಕ ಹಾಕುವುದರಿಂದ ಹೊಸಬರು ಎಡವುವುದುಂಟು: ಒಟ್ಟು ತೂಕದಲ್ಲಿ ನೀರೆಷ್ಟು ಎಂದು ನೋಡುವುದು ಹಸಿ ಆಧಾರದ ಲೆಕ್ಕ, ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿದರೆ ನೀರೆಷ್ಟು ಎಂದು ನೋಡುವುದು ಒಣ ಆಧಾರದ ಲೆಕ್ಕ. ಅರ್ಧ ನೀರಿರುವ ಒಂದೇ ಕೊರಡಿಗೆ ಒಬ್ಬರು ಶೇಕಡಾ 50 ಎಂದೂ ಇನ್ನೊಬ್ಬರು ಶೇಕಡಾ 100 ಎಂದೂ ಹೇಳಿದರೆ ಇಬ್ಬರ ಮಾತೂ ಸರಿಯೇ. ಅಂಗಡಿಯಲ್ಲಿ ಸಿಗುವ, ಎರಡು ಮೊಳೆಗಳನ್ನು ಚುಚ್ಚಿ ನೋಡುವ ತೇವಾಂಶ ಮಾಪಕಗಳು ಸಾಮಾನ್ಯವಾಗಿ ಎರಡನೆಯ ಲೆಕ್ಕವನ್ನು ತೋರಿಸುತ್ತವೆ. ಅವನ್ನು ಸೌದೆಯ ಹೊರಮೈಗೆ ಚುಚ್ಚಿದರೆ ಪ್ರಯೋಜನವಿಲ್ಲ, ತುಂಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಬೇಕು. ಮಾಪಕವಿಲ್ಲದ ಡಿಪೋಗಳಲ್ಲಿ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು, ಸದ್ದು ಮಂಕಾಗಿದ್ದರೆ ಹಸಿ, ಟಣ್ಣೆಂದರೆ ಒಣಗಿದೆ ಎಂದು ತಿಳಿಯುವ ರೂಢಿಯಿದೆ, ಮತ್ತು ಆ ಪರೀಕ್ಷೆ ಅಷ್ಟೇನೂ ತಪ್ಪುವುದಿಲ್ಲ.

ಕರ್ನಾಟಕದಲ್ಲಿ ಸೌದೆ ಮಾರುವುದು ತೂಕದ ಮೇಲೆ, ಇಲ್ಲವೇ ಲಾರಿ, ಟ್ರ್ಯಾಕ್ಟರ್ ಲೋಡಿನ ಮೇಲೆ. ತೂಕದ ಪದ್ಧತಿ ಹಸಿ ಸೌದೆ ಮಾರುವವನಿಗೆ ಅನುಕೂಲ, ಒಣಗಿಸಿ ಮಾರುವವನಿಗೆ ನಷ್ಟ ಎಂಬುದು ಸಣ್ಣ ಲೆಕ್ಕದಿಂದಲೇ ಗೊತ್ತಾಗುತ್ತದೆ. ಅರ್ಧ ನೀರಿರುವ 1,000 ಕಿಲೋ ಹಸಿ ಸೌದೆಯಲ್ಲಿ 500 ಕಿಲೋ ಮರವಿರುತ್ತದೆ. ಅದು ಹಸಿ ಆಧಾರದಲ್ಲಿ ಶೇಕಡಾ 20 ತೇವಾಂಶಕ್ಕೆ ಇಳಿಯುವಷ್ಟರಲ್ಲಿ ತೂಕ 625 ಕಿಲೋಗೆ ಬಂದಿರುತ್ತದೆ. ಕಿಲೋಗೆ 4 ರೂಪಾಯಿಯಂತೆ ಕೊಂಡಿದ್ದರೆಂದು ಉದಾಹರಣೆಗೆ ಇಟ್ಟುಕೊಂಡರೆ, ಕೂಲಿ, ಜಾಗದ ಬಾಡಿಗೆ ಯಾವುದನ್ನೂ ಸೇರಿಸದೆಯೇ ಅಸಲು 6 ರೂಪಾಯಿ 40 ಪೈಸೆಗೆ ಏರಿತು. ಈಗ ಕೊಳ್ಳುವವನ ಕಡೆಯಿಂದ ನೋಡಬೇಕು. ಪೂರ್ತಿ ಒಣಗಿದ ಒಂದು ಕಿಲೋ ಮರ ಉರಿದಾಗ ಸುಮಾರು 4,400 ಕಿಲೋಕ್ಯಾಲರಿ ಶಾಖ ಕೊಡುತ್ತದೆ, ಮರದೊಳಗಿನ ಪ್ರತಿ ಕಿಲೋ ನೀರು ಆವಿಯಾಗಲು ಅದರಲ್ಲಿ ಸುಮಾರು 600 ಕಿಲೋಕ್ಯಾಲರಿಯನ್ನು ನುಂಗುತ್ತದೆ. ಹಾಗಾಗಿ ಹಸಿ ಸೌದೆಯ ಒಂದು ಕಿಲೋದಿಂದ ದೊರೆಯುವುದು ಸುಮಾರು 1,900, ಒಣಗಿದ ಸೌದೆಯ ಒಂದು ಕಿಲೋದಿಂದ ಸುಮಾರು 3,400. ಶಾಖಕ್ಕೆ ತಕ್ಕ ಬೆಲೆ ಕಟ್ಟಿದರೆ ಒಣ ಸೌದೆಗೆ ಕಿಲೋಗೆ 7 ರೂಪಾಯಿ 15 ಪೈಸೆಯವರೆಗೆ ಕೊಟ್ಟರೂ ಗಿರಾಕಿಗೆ ನಷ್ಟವಿಲ್ಲ. ಆದರೆ ಅಸಲಿಗೂ ಈ ಬೆಲೆಗೂ ನಡುವೆ ಉಳಿಯುವ ಅಂತರ ಕಿಲೋಗೆ 75 ಪೈಸೆ ಮಾತ್ರ, ಅಂದರೆ ಒಂದು ಟನ್ ಹಸಿ ಸೌದೆಯ ಮೇಲೆ ಸುಮಾರು 470 ರೂಪಾಯಿ, ಸೀಳುವ ಕೂಲಿಗೂ ಸಾಲದಷ್ಟು.

ಒಣ ಸೌದೆಯಲ್ಲಿ ಲಾಭ ಹುಡುಕುವವರು ಬರೀ ಶಾಖವನ್ನು ನಂಬಿ ಕೂರುವಂತಿಲ್ಲ ಎಂಬುದು ಇದರ ತಾತ್ಪರ್ಯ. ಹಸಿ ಸೌದೆ ಒಲೆಯ ಬಿಸಿಯನ್ನು ಇಳಿಸುವುದರಿಂದ ಮರದಿಂದ ಹೊಮ್ಮಿದ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ, ಚಿಮಣಿಯಲ್ಲಿ ಜಿಡ್ಡು ಕಟ್ಟುತ್ತದೆ, ಪಾತ್ರೆ ಮಸಿಯಾಗುತ್ತದೆ, ಅಡುಗೆಯವರ ಕಣ್ಣು ಉರಿಯುತ್ತದೆ; ಕಾಗದದ ಮೇಲಿನ ಲೆಕ್ಕಕ್ಕಿಂತ ಹಸಿ ಸೌದೆ ನಿಜದಲ್ಲಿ ಇನ್ನಷ್ಟು ಕಳಪೆ. ಈ ವ್ಯತ್ಯಾಸಕ್ಕೆ ದುಡ್ಡು ಕೊಡಲು ಸಿದ್ಧರಿರುವವರು ಮದುವೆ ಅಡುಗೆಯ ಗುತ್ತಿಗೆದಾರರು, ಬೇಕರಿ, ರೆಸಾರ್ಟ್ ಮತ್ತು ಹೋಟೆಲಿನವರೇ ಹೊರತು ಇಟ್ಟಿಗೆ ಗೂಡಿನವರಲ್ಲ. ಇದಕ್ಕಿಂತ ಮುಖ್ಯವಾದದ್ದು ಕಾಲ. ಮಳೆಗಾಲದಲ್ಲಿ ಮಾರುಕಟ್ಟೆಗೆ ಬರುವ ಸೌದೆಯೆಲ್ಲ ನೆನೆದಿರುವಾಗ ಒಣ ದಾಸ್ತಾನು ಇಟ್ಟುಕೊಂಡವನ ಮಾತು ನಡೆಯುತ್ತದೆ. ತಂಬಾಕಿನ ಬ್ಯಾರನ್‌ಗಳು ಹೊತ್ತಿಕೊಳ್ಳುವುದೂ ಮಳೆಗಾಲದಲ್ಲಿಯೇ.

ಒಣಗಿಸುವ ಕೆಲಸದಲ್ಲಿ ಬಿಸಿಲಿಗಿಂತ ಗಾಳಿ ದೊಡ್ಡದು. ಮರದೊಳಗಿನ ನೀರು ಎಳೆಯ ಉದ್ದಕ್ಕೆ ಹರಿದು ತುದಿಯಿಂದ ಹೊರಬೀಳುವ ವೇಗ, ಎಳೆಗೆ ಅಡ್ಡಲಾಗಿ ಹೊರಬರುವ ವೇಗದ ಹತ್ತು ಪಟ್ಟಿಗೂ ಹೆಚ್ಚು. ತೊಗಟೆ ನೀರನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಎರಡು ಅಡಿ ಉದ್ದದ ದುಂಡು ಕೊರಡು ವರ್ಷವಾದರೂ ಒಳಗೆ ಹಸಿಯಾಗಿರುವುದಕ್ಕೂ ಅದೇ ಮರವನ್ನು ಒಂದು ಅಡಿಗೆ ತುಂಡರಿಸಿ ನಾಲ್ಕಾಗಿ ಸೀಳಿದರೆ ಒಂದು ಬೇಸಿಗೆಯಲ್ಲಿ ಒಣಗುವುದಕ್ಕೂ ಇದೇ ಕಾರಣ. ನವೆಂಬರಿನಿಂದ ಜನವರಿಯೊಳಗೆ ಕಡಿಸಿ, ಸೀಳಿಸಿ, ನೆಲದ ತೇವ ಮತ್ತು ಗೆದ್ದಲು ತಾಗದಂತೆ ಕಲ್ಲಿನ ಮೇಲೆ ಅಡ್ಡ ಮರಗಳನ್ನಿಟ್ಟು ಅದರ ಮೇಲೆ ಪೇರಿಸಿ, ಗಾಳಿ ಬೀಸುವ ದಿಕ್ಕಿಗೆ ಸೀಳಿನ ತುದಿಗಳು ಬರುವಂತೆ ಒಂದೊಂದೇ ಸಾಲು ನಿಲ್ಲಿಸಿದರೆ ಮೇ ತಿಂಗಳ ಹೊತ್ತಿಗೆ ಸೌದೆ ಹದಕ್ಕೆ ಬರುತ್ತದೆ. ಮಳೆ ಬಂತೆಂದು ಇಡೀ ರಾಶಿಯನ್ನು ಟಾರ್ಪಾಲಿನಲ್ಲಿ ಸುತ್ತುವವರೇ ಹೆಚ್ಚು. ಒಳಗೆ ಸಿಕ್ಕಿಬಿದ್ದ ಹಬೆ ಬೂಷ್ಟು ಹಿಡಿಸುವುದರಿಂದ ಮೇಲ್ಭಾಗ ಮುಚ್ಚಿ ಪಕ್ಕಗಳನ್ನು ಬಿಡುವುದೇ ಸರಿಯಾದ ಕ್ರಮ. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ತನ್ನ ತೇವವನ್ನು ಹೊಂದಿಸಿಕೊಳ್ಳುತ್ತದೆ, ಇದಕ್ಕೆ ಸಮತೋಲನ ತೇವಾಂಶ ಎನ್ನುತ್ತಾರೆ. ಬಯಲುಸೀಮೆಯ ಬೇಸಿಗೆಯಲ್ಲಿ ಒಣ ಆಧಾರದ ಶೇಕಡಾ 8ರ ಆಸುಪಾಸಿಗೆ ಇಳಿಯಬಲ್ಲ ಅದೇ ಸೀಳು ಕರಾವಳಿಯ ಮಳೆಗಾಲದಲ್ಲಿ ಸೂರಿನಡಿ ಇದ್ದರೂ ಶೇಕಡಾ 18ರಷ್ಟಕ್ಕೆ ಏರಬಹುದು. ಹೀಗಾಗಿ ಮಂಗಳೂರಿನ ವ್ಯಾಪಾರಿ ಚಿತ್ರದುರ್ಗದ ವ್ಯಾಪಾರಿಯಷ್ಟು ಒಣಗಿಸಿಕೊಡುವೆನೆಂದು ಮಾತು ಕೊಡದಿರುವುದು ಕ್ಷೇಮ.

ಮರ ಎಲ್ಲಿಂದ ತರಬೇಕೆಂಬುದು ಕಾನೂನಿನ ಪ್ರಶ್ನೆಯೂ ಹೌದು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹೊಲದ ಮರ ಕಡಿಯಲೂ ಸಾಮಾನ್ಯವಾಗಿ ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ ಮೊದಲಾದ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿಯಿದೆ. ಕಡಿದ ಮರವನ್ನು ಸಾಗಿಸಲು 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳಡಿ ರಹದಾರಿ, ಅಂದರೆ ಯಾವ ಮರ, ಎಷ್ಟು, ಎಲ್ಲಿಂದ ಎಲ್ಲಿಗೆ ಎಂಬುದನ್ನು ದಾಖಲಿಸಿದ ಪರವಾನಗಿ ಪತ್ರ, ಬೇಕಾಗಬಹುದು. ಯಾವ ಜಾತಿಗೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಲೋಡು ತುಂಬುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಳ್ಳಬೇಕು, ಚೆಕ್‌ಪೋಸ್ಟಿನಲ್ಲಿ ಅಲ್ಲ. ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿಯದು: ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಿಂದ ಕೊಡುತ್ತ ಬಂದ ಆದೇಶಗಳ ಫಲವಾಗಿ ಪರವಾನಗಿಯಿಲ್ಲದ ಸಾಮಿಲ್‌ಗಳಿಗೆ ಅವಕಾಶವಿಲ್ಲದ್ದರಿಂದ, ಡಿಪೋದಲ್ಲಿ ವಿದ್ಯುತ್ ಗರಗಸ ಕೂರಿಸುವ ಮೊದಲು ಅದು ಸಾಮಿಲ್ ಎಂಬ ಲೆಕ್ಕಕ್ಕೆ ಬರುವುದೇ ಎಂದು ವಿಚಾರಿಸಬೇಕು. ಕೊಡಲಿ, ಬೆಣೆ, ಸುತ್ತಿಗೆಗಳಿಗೆ ಈ ತೊಡಕಿಲ್ಲ.

ಜಾತಿಗಳ ವಿಷಯದಲ್ಲಿ ಉರಿಯುವ ಮರಕ್ಕೂ ಮಾರಾಟವಾಗುವ ಮರಕ್ಕೂ ವ್ಯತ್ಯಾಸವಿದೆ. ಸರ್ವೆ ಮರ ಗಟ್ಟಿ, ನೇರ, ಸೀಳಲು ಹದ, ಹೆಚ್ಚು ಶಾಖದ್ದು. ಹುಣಸೆ ಸೀಳಲು ಕಷ್ಟವಾದರೂ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಹಗುರ, ಬೇಗ ಉರಿದು ಬೂದಿಯಾಗುತ್ತದೆ, ಬೆಂಕಿ ಹೊತ್ತಿಸಲಷ್ಟೇ ಒಳ್ಳೆಯದು. ನೀಲಗಿರಿ ಈವರೆಗೆ ಯಥೇಚ್ಛವಾಗಿ ಸಿಗುತ್ತಿತ್ತಾದರೂ 2017ರಲ್ಲಿ ರಾಜ್ಯ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿರುವುದರಿಂದ ಅದನ್ನೇ ನಂಬಿ ದೀರ್ಘಕಾಲದ ಯೋಜನೆ ಹಾಕುವುದು ಜಾಣತನವಲ್ಲ. ಕಾಡುಗೇರಿನ ಜಾತಿಯ ಮರಗಳ ರಸವಷ್ಟೇ ಅಲ್ಲ, ಹೊಗೆಯೂ ಮೈ ಸುಡುವುದರಿಂದ ಅವನ್ನು ಡಿಪೋದ ಒಳಗೇ ಬಿಡಬಾರದು. ವಿಷಕಾರಿ ಕಣಗಿಲೆಗೂ ಇದೇ ಮಾತು.

ಉತ್ತರ ಕರ್ನಾಟಕದ ಕೆರೆಯಂಗಳ, ಬೀಳು ಹೊಲಗಳನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿಯ ಮಾತು ಬೇರೆ. ಅಮೆರಿಕ ಖಂಡದ ಮೂಲದ ಈ ಮುಳ್ಳು ಮರ ಭಾರತಕ್ಕೆ ಬಂದದ್ದು 1870ರ ದಶಕದಲ್ಲಿ; ಇದರ ದಾಯಾದಿಯೇ ಅಮೆರಿಕದ ಟೆಕ್ಸಾಸಿನಲ್ಲಿ ಮೆಸ್ಕೀಟ್ ಎಂಬ ಹೆಸರಿನಲ್ಲಿ ಹುಲ್ಲುಗಾವಲುಗಳನ್ನು ನುಂಗಿ ಪಶುಪಾಲಕರಿಂದ ಬೈಸಿಕೊಳ್ಳುತ್ತಿದೆ. ಆದರೆ ಅಲ್ಲಿ ಅದೇ ಮರದ ಚೂರುಗಳು ಮಾಂಸಕ್ಕೆ ಹೊಗೆಯ ರುಚಿ ಕೊಡುವ ವಸ್ತುವಾಗಿ ಚೀಲಗಳಲ್ಲಿ ಮಾರಾಟವಾಗುತ್ತವೆ, ಇಲ್ಲಿ ಅದು ಬಹುಪಾಲು ಇದ್ದಿಲ ಗುಂಡಿಗೆ ಹೋಗುತ್ತದೆ. ಸೌದೆ ಡಿಪೋದ ಮಗ್ಗುಲಿಗೆ ಸಣ್ಣದೊಂದು ಹೊಗೆಮರದ ವ್ಯಾಪಾರ ಸೇರಿಸಬಹುದೆಂಬ ಯೋಚನೆಗೆ ಇಲ್ಲಿ ಆಧಾರವಿದೆ.

ಹೊಗೆಮರವೆಂದರೆ ಶಾಖಕ್ಕಾಗಿ ಅಲ್ಲದೆ ಹೊಗೆಯ ಪರಿಮಳಕ್ಕಾಗಿ ಬಳಸುವ ಮರ. ಮರದ ಎಳೆಗಳನ್ನು ಬೆಸೆದು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ಪದಾರ್ಥ ಜ್ವಾಲೆಯಿಲ್ಲದೆ ನಿಧಾನವಾಗಿ ಕನಲಿದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಸಂಯುಕ್ತಗಳಾಗಿ ಒಡೆಯುತ್ತದೆ. ಹೊಗೆಯ ರುಚಿಯಲ್ಲಿ ಮೊದಲನೆಯದರ ಪಾಲೂ ವಾಸನೆಯಲ್ಲಿ ಎರಡನೆಯದರ ಪಾಲೂ ದೊಡ್ಡದು. ಪೈನ್‌ನಂಥ ಅಂಟುರಸದ ಮರಗಳ ಹೊಗೆ ಕಹಿಯಾಗಿ ಮಸಿ ಕೂರಿಸುವುದರಿಂದ ಅವು ಇದಕ್ಕೆ ಆಗವು, ಎಣ್ಣೆಯ ಘಾಟಿರುವ ನೀಲಗಿರಿಯೂ ಬೇಡ. ಟೆಕ್ಸಾಸಿನ ಲಾಕ್‌ಹಾರ್ಟ್ ಪಟ್ಟಣದ ಕಡೆ ಓಕ್ ಮರವನ್ನೂ ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಹಿಕರಿಯನ್ನೂ ಬಳಸುವಂತೆ ಕರ್ನಾಟಕದಲ್ಲಿ ಪೇರಲೆ, ಮಾವು, ಹಲಸು, ಹಳೆಯ ಕಾಫಿ ಗಿಡದ ಕಾಂಡ ಒದಗಿಬರುತ್ತವೆ. ಬಳ್ಳಾರಿ ಜಾಲಿಯ ಹೊಗೆ ಖಾರವಾದ್ದರಿಂದ ಗಂಟೆಗಟ್ಟಲೆ ಹೊಗೆಯಾಡಿಸುವ ಅಡುಗೆಗಿಂತ ಕೆಂಡದ ಮೇಲೆ ಬೇಗ ಸುಡುವ ಅಡುಗೆಗೆ ಹೆಚ್ಚು ಒಪ್ಪುತ್ತದೆ. ಕೊಡಗಿನಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುವ ರೂಢಿ ಹಳೆಯದು, ಅಲ್ಲಿ ಯಾರೂ ಇದಕ್ಕೆಂದು ಬೇರೆ ಮರ ಕೊಂಡವರಲ್ಲ. ಕೊಳ್ಳುವವರು ನಗರದ ಹೋಟೆಲಿನವರು.

ಈ ಸರಕಿನಲ್ಲಿ ಶುಚಿತ್ವದ ಪ್ರಶ್ನೆ ಸೌದೆಗಿಂತ ಕಠಿಣ. ತೋಟದ ಗಿಡಗಳಿಗೆ ವರ್ಷ ವರ್ಷ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಸಿಂಪಡಿಸಿರುತ್ತಾರೆ. ತಾಮ್ರದ ಅಂಶ ತೊಗಟೆಯ ಮೇಲೆ ಉಳಿದಿರುವ ಸಂಭವವಿರುವುದರಿಂದ ಕಾಫಿ ಕಾಂಡವನ್ನು ತೊಗಟೆ ಕೆತ್ತಿಯೇ ಮಾರಬೇಕು. ಹಳೆಯ ಕಿಟಕಿ, ಬಾಗಿಲು, ಪ್ಯಾಕಿಂಗ್ ಪೆಟ್ಟಿಗೆಯ ಮರದಲ್ಲಿ ಬಣ್ಣ, ರಾಸಾಯನಿಕ ಇರುವುದರಿಂದ ಅದನ್ನು ಈ ರಾಶಿಯ ಹತ್ತಿರವೂ ತರಬಾರದು. ಮುಷ್ಟಿಗಾತ್ರದ ತುಂಡುಗಳನ್ನು ಗಾಳಿಯಾಡುವ ಬಲೆಚೀಲದಲ್ಲಿ ತುಂಬಿ, ಮರದ ಹೆಸರು, ನಿವ್ವಳ ತೂಕ, ತುಂಬಿದ ತಿಂಗಳು, ಗರಿಷ್ಠ ಮಾರಾಟ ಬೆಲೆ, ವ್ಯಾಪಾರಿಯ ವಿಳಾಸ ಮುದ್ರಿಸಬೇಕು; ಕೊನೆಯ ನಾಲ್ಕು 2011ರ ಪೊಟ್ಟಣ ಸರಕುಗಳ ನಿಯಮಗಳು ಕೇಳುವ ವಿವರಗಳು, ಮೊದಲನೆಯದನ್ನು ಬಾಣಸಿಗರೂ ಕೇಳುತ್ತಾರೆ. ತೆರಿಗೆಯಲ್ಲೊಂದು ವಿಚಿತ್ರವಿದೆ: 2017ರಲ್ಲಿ ಜಿಎಸ್‌ಟಿ ಬಂದಾಗ ಸೌದೆಗೆ ತೆರಿಗೆ ಇರಲಿಲ್ಲ, ಆದರೆ ಮರದ ಚೂರು ಮತ್ತು ಪುಡಿಯನ್ನು ಬೇರೆ ಗುಂಪಿನಲ್ಲಿಟ್ಟು ಶೇಕಡಾ 5 ವಿಧಿಸಲಾಯಿತು. ಒಂದೇ ಕೊರಡಿನ ಸೀಳಿಗೂ ಚೂರಿಗೂ ಬೇರೆ ಬೇರೆ ಬಿಲ್ಲು ಬರೆಯುವ ಪ್ರಸಂಗ ಬರಬಹುದಾದ್ದರಿಂದ ಲೆಕ್ಕಿಗರನ್ನು ಮೊದಲೇ ಕೇಳುವುದು ಲೇಸು.

ಹೊಗೆಮರದಿಂದ ಕಿಲೋವಾರು ದೊರೆಯುವ ಬೆಲೆ ಸೌದೆಯ ಬೆಲೆಯ ಹಲವು ಪಟ್ಟಾದರೂ ಹೋಗುವ ಪ್ರಮಾಣ ಬಹಳ ಕಡಿಮೆ. ಸೌದೆಯ ರಾಶಿಯಿಂದ ಆರಿಸಿ ತೆಗೆದ ಉಪಸರಕಾಗಿ ಅದು ನಿಲ್ಲುತ್ತದೆಯೇ ಹೊರತು ಅದೊಂದನ್ನೇ ನೆಚ್ಚಿ ಬಾಡಿಗೆ ಕಟ್ಟಲಾಗದು. ಬಂಡವಾಳದ ಮುಖ್ಯ ತೊಂದರೆ ಬೇರೆ ಕಡೆಯಿದೆ. ಜನವರಿಯಲ್ಲಿ ಮರಕ್ಕೂ ಕೂಲಿಗೂ ಹಾಕಿದ ಹಣ ಜೂನಿನವರೆಗೆ ರಾಶಿಯಲ್ಲಿಯೇ ಕುಳಿತಿರುತ್ತದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಶಿಶು ಸಾಲ ಸಿಗುತ್ತದಾದರೂ ಮಾಸಿಕ ಕಂತು ರಾಶಿ ಒಣಗುವವರೆಗೆ ಕಾಯುವುದಿಲ್ಲ. ಹೋಟೆಲಿನವರು ಸಾಮಾನ್ಯವಾಗಿ ತಿಂಗಳ ಲೆಕ್ಕ ಇಟ್ಟು ತಡವಾಗಿ ಕೊಡುತ್ತಾರೆ, ಮದುವೆ ಅಡುಗೆಯವರು ಮುಂಗಡವನ್ನೂ ಕೊಡುವುದುಂಟು. ಆದ್ದರಿಂದ ಮೊದಲ ವರ್ಷ ದಾಸ್ತಾನಿನ ಒಂದು ಭಾಗವನ್ನಷ್ಟೇ ಮಳೆಗಾಲಕ್ಕೆ ಒಣಗಿಸಿಟ್ಟು, ಉಳಿದದ್ದನ್ನು ಅರೆಒಣಗಿದ್ದೆಂದು ಹೇಳಿಯೇ ಕಡಿಮೆ ಬೆಲೆಗೆ ಮಾರ್ಚ್, ಏಪ್ರಿಲಿನ ಮದುವೆ ಹಂಗಾಮಿನಲ್ಲಿ ಬಿಡಿಸಿಕೊಂಡರೆ ಕಂತಿನ ಹಣ ಅದರಿಂದಲೇ ಹೊರಡುತ್ತದೆ.